ಕೀಗೆ ದುಡ್ಡು ಹಾಕು, ಟೋನಿಗಲ್ಲ

ಪ್ರೀತಿಯ ಪುಟ್ಟಿ,

ಪಿಯಾನೊ ಕಲೀಬೇಕು, ಲ್ಯಾಪ್‌ಟಾಪ್ ಹೇಗೂ ಇದೆ, ಯಾವ ಕೀಬೋರ್ಡ್ ತಗೊಳ್ಳಲಿ, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ ಅಂತ ಕೇಳಿದ್ದೀಯ. ಇದನ್ನೇ ಕೇಳುವ ಬೇರೆ ಹುಡುಗ ಹುಡುಗಿಯರೂ ಇದ್ದಾರೆ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನನ್ನ ಸಲಹೆ ಒಂದೇ: ಕಂಪ್ಯೂಟರ್ ಕೊಡಲಾರದ್ದಕ್ಕೆ ಮಾತ್ರ ದುಡ್ಡು ಬಿಚ್ಚು.

ಅಂಗಡಿಗೆ ಹೋದ ಕೂಡಲೇ ನೂರಾರು ಟೋನು, ಅಷ್ಟೇ ರಿದಮ್ಮು, ತಬಲಾ, ಸಿತಾರ್ ಎಲ್ಲ ನುಡಿಸಿ ತೋರಿಸುತ್ತಾರೆ. ಮರುಳಾಗಬೇಡ. ಒಳ್ಳೆಯ ನಾದವನ್ನು ನಿನ್ನ ಲ್ಯಾಪ್‌ಟಾಪೇ ಕೊಡುತ್ತದೆ. ಅದು ಕೊಡಲಾರದ್ದು ಕೀಯ ತೂಕ. ಹಾರ್ಮೋನಿಯಂನಲ್ಲಿ ಕೀಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಸ್ವರ ಒಂದೇ. ಏರಿಳಿತವೆಲ್ಲ ತಿದಿ ಒತ್ತುವ ಕೈಯದು. ಪಿಯಾನೊದಲ್ಲಿ ಆ ಕೆಲಸ ಬೆರಳಿನದು. 1700ರ ಸುಮಾರಿಗೆ ಫ್ಲಾರೆನ್ಸ್‌ನ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ತಂತಿಯನ್ನು ಮೀಟುವ ಬದಲು ಸುತ್ತಿಗೆಯಿಂದ ಬಡಿಯುವ ವಾದ್ಯ ಕಟ್ಟಿದ್ದೇ ಇದಕ್ಕಾಗಿ.

ಆದ್ದರಿಂದ ಕೈಯಲ್ಲಿ ದುಡ್ಡಿದ್ದರೆ 88 ಕೀಗಳ, 'ಹ್ಯಾಮರ್ ಆ್ಯಕ್ಷನ್' ಇರುವ ಡಿಜಿಟಲ್ ಪಿಯಾನೊ ತಗೋ. ಯಮಹಾದ ಪಿ ಸರಣಿ, ರೋಲ್ಯಾಂಡ್‌ನ ಎಫ್‌ಪಿ-10, ಕ್ಯಾಸಿಯೊದ ಸಿಡಿಪಿ-ಎಸ್ ಸರಣಿ ಈ ಜಾತಿಯವು. ಅಷ್ಟು ಹೊಂದದಿದ್ದರೆ 61 ಕೀಗಳದ್ದಾದರೂ ಸರಿ, ಆದರೆ ಕೀಗಳು ಪೂರ್ತಿ ಅಗಲದವಾಗಿರಬೇಕು, ಟಚ್ ಸೆನ್ಸಿಟಿವ್ ಆಗಿರಬೇಕು. ಈ ಎರಡರಲ್ಲಿ ರಾಜಿ ಬೇಡ.

ಯಾಕೆಂದು ಹೇಳುತ್ತೇನೆ. ಕೀ ಒತ್ತಿದಾಗ ಕಂಪ್ಯೂಟರ್‌ಗೆ ಹೋಗುವುದು ನಾದವಲ್ಲ, ಅಂಕಿಗಳು. ಈ ವ್ಯವಸ್ಥೆಯ ಹೆಸರು ಮಿಡಿ. ಜಪಾನಿನ ಇಕುತಾರೊ ಕಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಮೊದಲಾದವರ ಶ್ರಮದಿಂದ 1983ರಲ್ಲಿ ಜಾರಿಗೆ ಬಂತು. ಬೇರೆ ಬೇರೆ ಕಂಪನಿಯ ಕೀಬೋರ್ಡು, ಸಾಫ್ಟ್‌ವೇರುಗಳು ಇವತ್ತಿಗೂ ಹೊಂದಿಕೊಂಡು ನಡೆಯುವುದು ಅದರಿಂದಲೇ. ಟಚ್ ಸೆನ್ಸಿಟಿವ್ ಕೀಯ ಅಡಿಯಲ್ಲಿ ಸಾಮಾನ್ಯವಾಗಿ ಕನಿಷ್ಠ ಎರಡು ಸೆನ್ಸರ್ ಇರುತ್ತವೆ. ಕೀ ಇಳಿಯುವಾಗ ಒಂದಕ್ಕೆ ತಗುಲಿ ಇನ್ನೊಂದಕ್ಕೆ ತಗುಲುವಷ್ಟರಲ್ಲಿ ಎಷ್ಟು ಹೊತ್ತಾಯಿತೆಂದು ಕೀಬೋರ್ಡ್ ಅಳೆದು, 1ರಿಂದ 127ರೊಳಗೆ ಒಂದು ಅಂಕಿ ಕಳಿಸುತ್ತದೆ. ನಡುವಿನ 'ಸಿ' ಕೀಯ ಸಂಖ್ಯೆ 60. ಮೆಲ್ಲಗೆ ಒತ್ತಿದರೆ '60, 35' ಎಂದೋ, ಗುದ್ದಿದರೆ '60, 115' ಎಂದೋ ಹೋಗುತ್ತದೆ. ನೀನು ವರ್ಷಗಟ್ಟಲೆ ಸಾಧನೆ ಮಾಡಬೇಕಿರುವುದು ಬಹುಮಟ್ಟಿಗೆ ಈ ಎರಡನೆಯ ಅಂಕಿಯ ಮೇಲೆ. ಕೀ ಒರಟಾಗಿದ್ದರೆ ಎಂಥ ಸಾಫ್ಟ್‌ವೇರೂ ಅದನ್ನು ತಿದ್ದಲಾರದು.

ಅಂಗಡಿಯಲ್ಲಿ ರಿದಮ್ ನಿಲ್ಲಿಸಿ ಪಿಯಾನೊ ಟೋನ್ ಹಾಕಿಸಿಕೋ. ಒಂದೇ ಕೀಯನ್ನು ಎಷ್ಟು ಮೆಲ್ಲಗೆ ನುಡಿಸಲು ಆಗುತ್ತದೆ ನೋಡು. ಬಿಳಿ ಕೀಯನ್ನು ತುದಿಯಲ್ಲೂ ಒತ್ತು, ಒಳಗೆ ಕಪ್ಪು ಕೀಗಳ ನಡುವೆಯೂ ಒತ್ತು. ಒಳಗೆ ತೀರಾ ಬಿಗಿಯೆನಿಸಿದರೆ ಬೇರೆಯದು ನೋಡು. ಕಂಪ್ಯೂಟರಿಗೆ ಜೋಡಿಸಲು 'ಯುಎಸ್‌ಬಿ ಟು ಹೋಸ್ಟ್' ಎಂದು ಬರೆದ ಪೋರ್ಟ್ ಇದೆಯೇ ಎಂದು ಖಾತ್ರಿ ಮಾಡಿಕೋ. ಬಹಳ ಕಡೆ ಅದು ಪ್ರಿಂಟರಿಗಿರುವಂಥ ಚೌಕದ್ದು, ಪ್ರಿಂಟರ್ ಕೇಬಲ್ಲೇ ಸಾಕು. ಪೆನ್‌ಡ್ರೈವ್ ಹಾಕುವ ಪೋರ್ಟ್ ಇದಕ್ಕೆ ಬರುವುದಿಲ್ಲ. ಸಸ್ಟೇನ್ ಪೆಡಲ್ ಸಿಕ್ಕಿಸುವ ಜಾಗವೂ ಇರಲಿ.

ಮನೆಗೆ ತಂದ ಮೇಲೆ ಬರುವ ಮೊದಲ ತಕರಾರು: ಕೀ ಒತ್ತಿದ ಮೇಲೆ ನಾದ ತಡವಾಗಿ ಕೇಳುವುದು. ವಿಂಡೋಸ್‌ನಲ್ಲಿ ಇದು ಹೆಚ್ಚು. ಏಸಿಯೊ ಡ್ರೈವರ್ ಹಾಕಿಕೊಂಡು ತಡವನ್ನು 10 ಮಿಲಿಸೆಕೆಂಡಿನ ಆಸುಪಾಸಿಗೆ ತಂದರೆ ಬೆರಳಿಗೆ ಗೊತ್ತಾಗುವುದಿಲ್ಲ. 'ಏಸಿಯೊ ಫೋರ್ ಆಲ್' ಉಚಿತವಾಗಿ ಸಿಗುತ್ತದೆ. ತಡ ಹೆಚ್ಚಿಸುವ ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ವೈರಿನದ್ದು ಹಾಕಿಕೋ. ಡಿಜಿಟಲ್ ಪಿಯಾನೊ ಆದರೆ ಅದರ ಸ್ವಂತ ಸ್ಪೀಕರಿನಲ್ಲೇ ಕೇಳಿಕೊಂಡು, ಕಂಪ್ಯೂಟರನ್ನು ಬರೀ ರೆಕಾರ್ಡ್ ಮಾಡಿಕೊಳ್ಳುವ ಕೆಲಸಕ್ಕೆ ಇಟ್ಟುಕೋ.

ಇನ್ನು ಸಾಫ್ಟ್‌ವೇರ್. ಸಿಂಥೀಸಿಯಾದಂಥವುಗಳಲ್ಲಿ ಬಣ್ಣದ ಪಟ್ಟಿಗಳು ಮೇಲಿನಿಂದ ಬೀಳುತ್ತವೆ, ಬಿದ್ದಲ್ಲಿ ಒತ್ತಿದರಾಯಿತು. ಒಂದು ವಾರದಲ್ಲೇ ಹಾಡು ಬಂದಂತೆ ಅನಿಸುತ್ತದೆ. ಸ್ಕ್ರೀನ್ ಆರಿಸಿ ನೋಡು. ಬಂದಿದ್ದರೆ ಬಂತು, ಇಲ್ಲದಿದ್ದರೆ ಕಣ್ಣು ಮಾತ್ರ ಓಡಿದೆ ಎಂದರ್ಥ. ನೊಟೇಶನ್ ಓದುವುದನ್ನು ಮೊದಲ ದಿನದಿಂದಲೇ ಹಿಡಿ. ಉಚಿತವಾದ ಮ್ಯೂಸ್‌ಸ್ಕೋರ್‌ನಲ್ಲಿ ಪಾಠವನ್ನು ನೀನೇ ಬರೆದು, ಲಯ ತಗ್ಗಿಸಿ ಕೇಳಬಹುದು. ಪಿಯಾನೊಟೆಕ್‌ನಂಥ ದುಬಾರಿ ನಾದದ ಸಾಫ್ಟ್‌ವೇರಿಗೆ ಈಗಲೇ ಅವಸರವಿಲ್ಲ.

ಕಂಪ್ಯೂಟರ್ ನಿಜವಾಗಿ ಗುರುವಿನ ಕೆಲಸ ಮಾಡುವ ಜಾಗ ಬೇರೆ ಇದೆ. ಬಲಗೈಯಲ್ಲಿ ಸಿ ಮೇಜರ್ ಸ್ಕೇಲ್ ನುಡಿಸಿ ಗ್ಯಾರೇಜ್‌ಬ್ಯಾಂಡ್‌ನಲ್ಲೋ ರೀಪರ್‌ನಲ್ಲೋ ಮಿಡಿಯಾಗಿ ರೆಕಾರ್ಡ್ ಮಾಡು. ಪ್ರತಿ ಸ್ವರದ ಬಲವನ್ನು ಅಲ್ಲಿ ನೋಡಬಹುದು. ಹೊಸಬರಲ್ಲಿ ಷಡ್ಜ, ಮಧ್ಯಮಗಳ (ಸಿ, ಎಫ್) ಅಂಕಿ ಎದ್ದು ಕಾಣುವುದುಂಟು, ಏಕೆಂದರೆ ಹೆಬ್ಬೆರಳು ಬೀಳುವುದು ಆ ಎರಡರ ಮೇಲೆ. ಕಿವಿಗೆ ಇನ್ನೂ ಸಿಗದ ತಪ್ಪು ಅಲ್ಲಿ ಕಣ್ಣಿಗೆ ಸಿಗುತ್ತದೆ. ಎಂಟೂ ಸಮನಾಗುವವರೆಗೆ ನುಡಿಸು.

ಟ್ರಾನ್ಸ್‌ಪೋಸ್ ಬಟನ್ ಮುಟ್ಟಬೇಡ. ಶ್ರುತಿ ಬದಲಾದಾಗಲೆಲ್ಲ ಬಟನ್ ಒತ್ತಿ ಸಿ ಇಂದಲೇ ನುಡಿಸುತ್ತಿದ್ದರೆ ಕಪ್ಪು ಕೀಗಳು ಕೈಗೆ ಬರುವುದೇ ಇಲ್ಲ. ಟ್ರಿನಿಟಿ ಸಂಗೀತ ಪರೀಕ್ಷೆಗೆ ಕಟ್ಟುವ ಆಸೆಯಿದ್ದರೆ ನೆನಪಿಡು, ಅವರಲ್ಲಿ ಪಿಯಾನೊದ ಪಠ್ಯ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡಿನದು ಬೇರೆ.

ಮಣಿಕಟ್ಟು ಬಿಗಿಯಾಯಿತು, ಭುಜ ಮೇಲೇರಿತು ಎಂದು ಮಿಡಿಯ ಅಂಕಿಗಳು ಹೇಳುವುದಿಲ್ಲ. ಅದಕ್ಕೆ ತಿಂಗಳಿಗೆರಡು ಸಲವಾದರೂ ಒಬ್ಬ ಟೀಚರ ಮುಂದೆ ಕೂರು. ಸಾಫ್ಟ್‌ವೇರಿನಲ್ಲಿ ಉಳಿಸಿದ ದುಡ್ಡು ಆ ಫೀಸಿಗೆ ಆಗುತ್ತದೆ. ಮಿಕ್ಕಿದರೆ ಅಲುಗಾಡದ ಸ್ಟ್ಯಾಂಡು, ಎತ್ತರ ಸರಿಮಾಡಬಹುದಾದ ಬೆಂಚು ತಗೋ. ಅಪ್ಪನಿಗೂ ಈ ಲೆಕ್ಕ ತೋರಿಸು, ಒಪ್ಪುತ್ತಾನೆ.

ಇಂತಿ,
ನಿನ್ನ ದೊಡ್ಡಪ್ಪ