ಕತ್ತಿಯಿಲ್ಲದ ಶಸ್ತ್ರಕ್ರಿಯೆ: ಮೆದುಳಿನ ಗಡ್ಡೆಗೆ ಕಿರಣವೂ ಔಷಧವೂ

ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳ ವಿಚಾರ ಬಂದಿದೆ. ಅರ್ಬುದವು ದುಂಡಗೆ, ಸ್ಥಿರವಾಗಿ, ಆಳಕ್ಕೆ ಬೇರೂರಿ ನಿಧಾನವಾಗಿ ಬೆಳೆಯುವುದೆಂದೂ ಸಾಮಾನ್ಯವಾಗಿ ಕೀವುಗಟ್ಟುವುದಿಲ್ಲವೆಂದೂ ಆಚಾರ್ಯನು ಅದರ ಲಕ್ಷಣವನ್ನು ಹೇಳುತ್ತಾನೆ. ಮುಂದೆ ಚಿಕಿತ್ಸಾಸ್ಥಾನದಲ್ಲಿ, ಅದನ್ನು ಸ್ವಲ್ಪವೂ ಶೇಷವಿಲ್ಲದಂತೆ ತೆಗೆಯಬೇಕು, ಉಳಿದದ್ದು ಬೇಗನೆ ಮತ್ತೆ ತಲೆಯೆತ್ತುವುದು ಎಂಬ ಎಚ್ಚರಿಕೆಯೂ ಇದೆ. ಶಾಸ್ತ್ರವನ್ನು ಓದದವರ ಮನಸ್ಸಿನಲ್ಲಿಯೂ ಇದೇ ಭಾವನೆ ಬೇರೂರಿದೆ. ಗಡ್ಡೆ ಎಂದರೆ ತೆಗೆಯಬೇಕಾದದ್ದು. ತೆಗೆದರೆ ಗುಣ, ಉಳಿದರೆ ಗುಣವಿಲ್ಲ. ಆದರೆ ಮೆದುಳಿನ ಕೆಲವು ಗಡ್ಡೆಗಳಿಗೆ ಇಂದು ಸಲ್ಲುತ್ತಿರುವ ಒಂದು ಚಿಕಿತ್ಸೆಯಲ್ಲಿ ಗಡ್ಡೆಯನ್ನು ತೆಗೆಯುವುದೇ ಇಲ್ಲ. ಅದು ಇದ್ದಲ್ಲಿಯೇ ಇರುತ್ತದೆ. ಈ ಒಂದು ಸಂಗತಿ ತಿಳಿಯದೆ ಎಷ್ಟೋ ಮನೆಗಳಲ್ಲಿ ಅನಾವಶ್ಯಕವಾದ ನಿರಾಶೆಯೂ, ಕೆಲವೆಡೆ ಅಪಾಯಕರವಾದ ನಿಶ್ಚಿಂತೆಯೂ ಉಂಟಾಗುತ್ತಿವೆ.

ಈ ಚಿಕಿತ್ಸೆಗೆ ರೇಡಿಯೊಸರ್ಜರಿ, ಎಂದರೆ ಕಿರಣಶಸ್ತ್ರಕ್ರಿಯೆ ಎಂಬ ಹೆಸರನ್ನು 1951ರಲ್ಲಿ ಇಟ್ಟವರು ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್. ಅವರ ‘ಗಾಮಾ ನೈಫ್’ ಯಂತ್ರ ಸ್ಟಾಕ್‌ಹೋಮಿನಲ್ಲಿ ಸಿದ್ಧವಾದದ್ದು 1967ರಲ್ಲಿ. ನೈಫ್ ಎಂದರೆ ಕತ್ತಿ. ಆದರೆ ಅಲ್ಲಿ ಕತ್ತಿಯ ಸುಳಿವೂ ಇಲ್ಲ. ಅರ್ಧಗೋಳಾಕಾರದ ಕವಚದೊಳಗೆ ಕೋಬಾಲ್ಟ್-60 ಧಾತುವಿನ ಸುಮಾರು ಇನ್ನೂರು ತುಣುಕುಗಳನ್ನು ಇರಿಸಿರುತ್ತಾರೆ. ಒಂದೊಂದರಿಂದ ಹೊರಡುವ ಕಿರಣವೂ ತೀರ ದುರ್ಬಲವಾದದ್ದು. ತಾನು ಹಾದುಹೋಗುವ ಮೆದುಳಿಗೆ ಅದು ಹೆಚ್ಚಿನ ಹಾನಿ ಮಾಡದು. ಎಲ್ಲವೂ ಬಂದು ಸಂಧಿಸುವ ಬಿಂದುವಿನಲ್ಲಿ ಮಾತ್ರ ಅವುಗಳ ಶಕ್ತಿ ಒಟ್ಟುಗೂಡಿ ಗಡ್ಡೆಯ ಜೀವಕೋಶಗಳ ವಂಶವಾಹಿಗಳನ್ನು ಮುರಿಯುತ್ತದೆ. ಮುರಿದ ಕೋಶವು ಒಡನೆಯೇ ಸಾಯುವುದಿಲ್ಲ. ಇಬ್ಭಾಗವಾಗಿ ಬೆಳೆಯುವ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ. ಫಲ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುವುದು ಇದರಿಂದಲೇ.

ತಲೆಬುರುಡೆಯನ್ನು ತೆರೆಯದೆ ಮೆದುಳಿನ ಆಳದ ಬಿಂದುವೊಂದನ್ನು ಅಳತೆಯಿಂದ ಗುರುತಿಸುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಡಾ. ಆರ್. ಎಂ. ವರ್ಮರು ಕಂಪವಾತದ ರೋಗಿಗಳಿಗೆ ಕಪಾಲದ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರದ ಮೂಲಕ ಸೂಜಿಯನ್ನು ಹಾಯಿಸಿ ಚಿಕಿತ್ಸೆ ಮಾಡುವ ವಿಧಾನವನ್ನು ರೂಪಿಸಿದ್ದರು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ಮೊದಲ ನಿರ್ದೇಶಕರೂ ಅವರೇ. ಈಗ ಅದೇ ಸಂಸ್ಥೆಯಲ್ಲಿ ಗಾಮಾ ನೈಫ್ ಇದೆ. ಲೀನಿಯರ್ ಆಕ್ಸಿಲರೇಟರ್ ಎಂಬ ಬೇರೊಂದು ಯಂತ್ರದಿಂದಲೂ ಈ ಕಾರ್ಯ ಸಾಧ್ಯ. ಅಂತಹ ಯಂತ್ರಗಳು ಮಂಗಳೂರು, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳಲ್ಲಿವೆ.

ಸುಳ್ಯ ಸೀಮೆಯ ಬೆಳ್ಳಾರೆಯಂತಹ ಊರಿನಲ್ಲಿ ಅಡಿಕೆಮರ ಹತ್ತಿ ಕೊನೆ ತೆಗೆಯುವ ಒಬ್ಬ ಶ್ರಮಜೀವಿಯನ್ನು ಭಾವಿಸಿಕೊಂಡರೆ ಈ ಚಿಕಿತ್ಸೆಯ ಗುಣದೋಷಗಳೆರಡೂ ಕಣ್ಣಿಗೆ ಕಟ್ಟುತ್ತವೆ. ಒಂದು ಕಿವಿಯಲ್ಲಿ ಸದಾ ಮೊರೆತ. ಫೋನನ್ನು ಆ ಕಿವಿಗೆ ಹಿಡಿದರೆ ಮಾತು ಅರ್ಥವಾಗದು. ನಡೆಯುವಾಗ ತುಸು ತೂರಾಟ. ಪರೀಕ್ಷಿಸಿದಾಗ ಶ್ರವಣ ಮತ್ತು ಸಮತೋಲಗಳ ನರದ ಮೇಲೆ ಗಡ್ಡೆ ಕಂಡುಬರುತ್ತದೆ. ಇದು ಕ್ಯಾನ್ಸರ್ ಅಲ್ಲ. ಮೂರು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಮೆದುಳಿನ ಕಾಂಡವನ್ನು ಒತ್ತದಿದ್ದರೆ ಕಿರಣಚಿಕಿತ್ಸೆಗೆ ಒಪ್ಪುತ್ತದೆ. ಗಡ್ಡೆಯ ಅಂಚಿಗೆ 12ರಿಂದ 13 ಗ್ರೇ ಪ್ರಮಾಣದ ಕಿರಣವನ್ನು ಒಂದೇ ದಿನ ಕೊಡುತ್ತಾರೆ. ರೋಗಿ ಅಂದೋ ಮರುದಿನವೋ ಮನೆಗೆ ಮರಳುತ್ತಾನೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಗಡ್ಡೆಯ ಬೆಳವಣಿಗೆ ನಿಲ್ಲುತ್ತದೆ. ಮುಖದ ನರಕ್ಕೆ ಪೆಟ್ಟಾಗಿ ಬಾಯಿ ಸೊಟ್ಟಗಾಗುವುದು ವಿರಳ. ತೆರೆದ ಶಸ್ತ್ರಕ್ರಿಯೆಯಲ್ಲಿ ಆ ಭಯ ಇದಕ್ಕಿಂತ ಹೆಚ್ಚು.

ಆದರೆ ಹೋದ ಕಿವಿ ಮರಳುವುದಿಲ್ಲ. ಉಳಿದಿದ್ದ ಕೇಳ್ಮೆಯೂ ವರ್ಷಗಳು ಕಳೆದಂತೆ ಅರ್ಧದಷ್ಟು ಮಂದಿಯಲ್ಲಿ, ಇನ್ನೂ ದೀರ್ಘಕಾಲ ನೋಡಿದರೆ ಅದಕ್ಕಿಂತ ಹೆಚ್ಚಿನವರಲ್ಲಿ ಕ್ಷೀಣಿಸುತ್ತದೆ. ತೂರಾಟ ಪೂರ್ಣವಾಗಿ ಹೋಗದಿರಬಹುದು. ಇತರರಿಗೆ ಇದೊಂದು ಸಣ್ಣ ತೊಂದರೆ. ಐವತ್ತು ಅಡಿ ಎತ್ತರದಲ್ಲಿ ಮರದಿಂದ ಮರಕ್ಕೆ ವಾಲುವವನಿಗೆ ಇದು ವೃತ್ತಿಯ ಅಂತ್ಯ. ವೈದ್ಯರ ಪಟ್ಟಿಯಲ್ಲಿ ‘ಅಲ್ಪ’ವೆಂದು ಬರೆದಿರುವ ಅಡ್ಡಪರಿಣಾಮವು ಯಾರಿಗೆ ಅಲ್ಪ ಎಂಬುದನ್ನು ರೋಗಿಯ ಕಸುಬನ್ನು ಕೇಳಿಯೇ ನಿರ್ಣಯಿಸಬೇಕು. ಕಸುಬನ್ನು ವೈದ್ಯರಿಗೆ ಮೊದಲೇ ತಿಳಿಸುವ ಹೊಣೆ ಮನೆಯವರದು.

ಇನ್ನೊಂದು ಸಂಗತಿ. ಚಿಕಿತ್ಸೆಯಾದ ಆರರಿಂದ ಹದಿನೆಂಟು ತಿಂಗಳೊಳಗೆ ಗಡ್ಡೆ ಕೆಲವೊಮ್ಮೆ ಊದಿಕೊಂಡು ಮೊದಲಿಗಿಂತ ದೊಡ್ಡದಾಗಿ ಕಾಣುವುದುಂಟು. ಬಹುಮಟ್ಟಿಗೆ ಅದು ಸಾಯುತ್ತಿರುವ ಗಡ್ಡೆಯ ಬಾವು, ಬೆಳವಣಿಗೆಯಲ್ಲ. ಕಾದು ನೋಡಿದರೆ ಇಳಿಯುತ್ತದೆ.

ಇನ್ನು ಔಷಧದ ವಿಚಾರ. ದಕ್ಷಿಣ ಕನ್ನಡದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೂ ‘ಮದ್ದು ಬಿಡುವುದು’ ಎಂದೇ ಹೆಸರು. ಆ ಮದ್ದು ಕೊಳೆತು ಬಿದ್ದ ಕಾಯಿಯನ್ನು ಮತ್ತೆ ಕೊನೆಗೆ ಏರಿಸುವುದಿಲ್ಲ, ಉಳಿದದ್ದನ್ನು ಕಾಯುತ್ತದೆ. ನಲವತ್ತು ನಲವತ್ತೈದು ದಿನಗಳಾದ ಮೇಲೆ ಮತ್ತೊಮ್ಮೆ ಬಿಡಲೇಬೇಕು. ಇದನ್ನು ಚೆನ್ನಾಗಿ ಬಲ್ಲ ಬೆಳೆಗಾರನು ತನ್ನ ಮಾತ್ರೆಗಳ ವಿಷಯದಲ್ಲಿ ಮಾತ್ರ ಇದನ್ನು ಮರೆಯುವುದುಂಟು. ಮೆದುಳಿನ ಬಾವನ್ನು ಇಳಿಸಲು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಕೊಡುತ್ತಾರೆ. ಒಂದೆರಡು ದಿನಗಳಲ್ಲಿಯೇ ತಲೆನೋವು, ವಾಂತಿ ನಿಂತು ರೋಗಿ ಎದ್ದು ಓಡಾಡುತ್ತಾನೆ; ರೋಗವೇ ಹೋಯಿತೆಂದು ಮನೆಯವರು ನಂಬುತ್ತಾರೆ. ಸಾಮಾನ್ಯವಾಗಿ ಅದು ಗಡ್ಡೆಯನ್ನು ಮುಟ್ಟುವುದಿಲ್ಲ, ಸುತ್ತಲಿನ ಬಾವನ್ನಷ್ಟೇ ತಗ್ಗಿಸುತ್ತದೆ. ವಾರಗಟ್ಟಲೆ ಸೇವಿಸಿದರೆ ರಕ್ತದಲ್ಲಿ ಸಕ್ಕರೆ ಏರುವುದು, ನಿದ್ರೆಗೆಡುವುದು, ಮುಖ ಊದುವುದು, ಹೊಟ್ಟೆಯುರಿ, ತೊಡೆಯ ಸ್ನಾಯು ಸೊರಗಿ ನೆಲದಿಂದ ಏಳಲಾಗದಿರುವುದು, ಅಡಗಿದ್ದ ಕ್ಷಯ ಕೆರಳುವುದು ಇವೆಲ್ಲ ಸಂಭವ. ಇದಕ್ಕೆ ಹೆದರಿ ಥಟ್ಟನೆ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ಅಷ್ಟರಲ್ಲಿ ತಮ್ಮ ಸ್ವಂತ ಉತ್ಪತ್ತಿಯನ್ನು ಮರೆತಿರುತ್ತವೆ. ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ವೈದ್ಯರು ಹೇಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್‌ನಿಂದ ವಸಡು ಊದುವುದೂ ಮೈಮೇಲೆ ದದ್ದು ಏಳುವುದೂ ಉಂಟು. ಲೆವೆಟಿರಾಸೆಟಂನಿಂದ ಸಿಡುಕು ಹೆಚ್ಚುತ್ತದೆ. ಸೌಮ್ಯ ಸ್ವಭಾವದ ಹಿರಿಯರು ಒಮ್ಮೆಲೇ ಮುಂಗೋಪಿಗಳಾದರೆ ಅವರನ್ನು ದೂರುವ ಮೊದಲು ಮಾತ್ರೆಯ ಹೆಸರನ್ನು ನೋಡುವುದು ಒಳಿತು.

ಪಿಟ್ಯುಟರಿ ಗ್ರಂಥಿಯ ಗಡ್ಡೆಗಳಲ್ಲಿ ಕ್ರಮ ಬೇರೆ. ಪ್ರೊಲ್ಯಾಕ್ಟಿನ್ ಸ್ರವಿಸುವ ಗಡ್ಡೆಗೆ ಮೊದಲ ಚಿಕಿತ್ಸೆ ಕ್ಯಾಬರ್ಗೋಲಿನ್ ಮಾತ್ರೆಯೇ. ಬಹುಪಾಲು ಮಂದಿಯಲ್ಲಿ ಅದರಿಂದಲೇ ಗಡ್ಡೆ ಕುಗ್ಗುತ್ತದೆ. ಓಕರಿಕೆ, ಎದ್ದು ನಿಂತಾಗ ತಲೆ ಸುತ್ತುವುದು ಅದರ ಸಾಮಾನ್ಯ ಅಡ್ಡಪರಿಣಾಮ. ಕೈಕಾಲು ದಪ್ಪವಾಗಿ ಉಂಗುರವೂ ಚಪ್ಪಲಿಯೂ ಹಿಡಿಸದಂತಾಗುವ ರೋಗದಲ್ಲಿ ಸಾಮಾನ್ಯವಾಗಿ ಮೂಗಿನ ಮೂಲಕ ಶಸ್ತ್ರಕ್ರಿಯೆ ಮೊದಲು. ಉಳಿದ ಭಾಗಕ್ಕೆ ಔಷಧ ಅಥವಾ ಕಿರಣ. ಕಿರಣದಿಂದ ಗಡ್ಡೆ ನಿಂತರೂ ಹಾರ್ಮೋನು ಇಳಿಯಲು ವರ್ಷಗಳು ಬೇಕು. ಅಷ್ಟರಲ್ಲಿ ಆರೋಗ್ಯವಾಗಿದ್ದ ಗ್ರಂಥಿಯೂ ಬಾಡಿ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಥೈರಾಯ್ಡ್ ಮೊದಲಾದ ಹಾರ್ಮೋನುಗಳ ಕೊರತೆ ಕಾಣಿಸಿಕೊಳ್ಳುತ್ತದೆ. ವಯಸ್ಸಿನ ಆಯಾಸವೆಂದು ಜನ ಅದನ್ನು ಕಡೆಗಣಿಸುತ್ತಾರೆ.

ಶ್ವಾಸಕೋಶ, ಸ್ತನ ಮುಂತಾದೆಡೆಗಳಿಂದ ಮೆದುಳಿಗೆ ಹರಡಿದ ಕ್ಯಾನ್ಸರಿನ ಗಡ್ಡೆಗಳು ಒಂದೋ ಎರಡೋ ಮೂರೋ ಇದ್ದಲ್ಲಿ ಕಿರಣಶಸ್ತ್ರಕ್ರಿಯೆ ಹೆಚ್ಚು ಉಪಯುಕ್ತ. ಅದರ ಜೊತೆಗೆ ಇಡೀ ಮೆದುಳಿಗೂ ಕಿರಣ ಕೊಟ್ಟರೆ ಆಯುಸ್ಸು ಹೆಚ್ಚಲಿಲ್ಲ, ನೆನಪು ಮಾತ್ರ ಹೆಚ್ಚು ಕೆಟ್ಟಿತು ಎಂದು 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಇಲ್ಲಿಯ ಮುಖ್ಯ ಅಪಾಯ ಕಿರಣದಿಂದ ಆರೋಗ್ಯಕರ ಮೆದುಳೂ ಸಾಯುವುದು. ತಿಂಗಳುಗಳಾದ ಮೇಲೆ ತಲೆದೋರುವ ಈ ವಿಕಾರವು ಎಂ.ಆರ್.ಐ. ಚಿತ್ರದಲ್ಲಿ ಗಡ್ಡೆ ಮರುಕಳಿಸಿದಂತೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ಚಿಕಿತ್ಸೆಗಳೋ ಬೇರೆ ಬೇರೆ.

ಆದುದರಿಂದ ಹಳೆಯ ಚಿತ್ರಗಳಿಗೆ ಬೆಲೆ ಬಂದಿದೆ. ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕೆಂಬುದು ಸಾಮಾನ್ಯ ಪದ್ಧತಿ. ಕ್ಯಾನ್ಸರಿನಲ್ಲಿ ಎರಡು ಮೂರು ತಿಂಗಳಿಗೊಮ್ಮೆ. ಬೆಳ್ಳಾರೆಯವರಿಗೆ ಬೆಂಗಳೂರಿನ ತಾರೀಖು ಆಷಾಢದಲ್ಲಿ ಬಿದ್ದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯುವ ಭಯ, ತೋಟದಲ್ಲಿ ಮದ್ದು ಬಿಡುವ ಅವಸರ. ಮೈಗೆ ಹಿತವಾಗಿಯೇ ಇದೆಯೆಂದು ಪ್ರಯಾಣವನ್ನು ಮುಂದೂಡುವವರು ಅನೇಕರು. ಅಂತಹ ಸಂದರ್ಭದಲ್ಲಿ ಚಿಕಿತ್ಸೆ ಮಾಡಿದ ವೈದ್ಯರನ್ನು ಮೊದಲೇ ಕೇಳಿಕೊಂಡು ಮಂಗಳೂರಿನಲ್ಲಿ ಎಂ.ಆರ್.ಐ. ಮಾಡಿಸಿ, ಚಿತ್ರಗಳ ಡಿಸ್ಕನ್ನು ಕಳುಹಿಸಿಕೊಡಬಹುದು. ಕಿರಣ ಕೊಟ್ಟ ದಿನಾಂಕ, ಪ್ರಮಾಣ, ಅಂದಿನ ಚಿತ್ರ ಈ ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ಜಮೀನಿನ ಪತ್ರಗಳಿರುವ ಪೆಟ್ಟಿಗೆಯಲ್ಲಿಯೇ ಜೋಪಾನವಾಗಿ ಇಡತಕ್ಕದ್ದು.