ಅಮೋನಿಯಾ ಟ್ಯಾಂಕಿನ ಮಟ್ಟ ಅಳೆಯುವ ರಾಡಾರ್: ನಮಗೇಕೆ ಗೊತ್ತಿರಬೇಕು?



ಬಿಎಂಸಿ ಟ್ಯಾಂಕಿನಲ್ಲಿ ಹಾಲೆಷ್ಟಿದೆ ಎಂದು ಅಳತೆಯ ಕಡ್ಡಿ ಇಳಿಸಿ ನೋಡಬಹುದು. ಅಮೋನಿಯಾ ಟ್ಯಾಂಕಿಗೆ ಹಾಗೆ ಕಡ್ಡಿ ಇಳಿಸಲಾಗದು. ದೊಡ್ಡ ಡೇರಿಗಳ ಶೀತಲೀಕರಣ ಘಟಕ, ಮೀನಿನ ಐಸ್ ಕಾರ್ಖಾನೆ, ಯೂರಿಯಾ ಕಾರ್ಖಾನೆಗಳಲ್ಲಿ ಅಮೋನಿಯಾ ಬಳಸುತ್ತಾರೆ. ಮಳೆಗಾಲದಲ್ಲಿ ಮುಚ್ಚಿಟ್ಟ ಕೊಟ್ಟಿಗೆಯಲ್ಲಿ ಗಂಜಲದಿಂದ ಕಣ್ಣುರಿಸುವ ಘಾಟು ಬರುತ್ತದಲ್ಲ, ಅದು ಇದೇ ಅನಿಲ.

ಅಳೆಯುವುದು ಹೇಗೆ?

ಅಮೋನಿಯಾ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಆದ್ದರಿಂದ ಅದನ್ನು ಒತ್ತಡದಲ್ಲಿ ಅಥವಾ ಅತಿ ತಂಪಿನಲ್ಲಿ ದ್ರವವಾಗಿ ಇಡುತ್ತಾರೆ. ಮುಚ್ಚಳ ತೆರೆದರೆ ಅನಿಲ ಹೊರನುಗ್ಗುತ್ತದೆ. ಸಣ್ಣ ಘಟಕಗಳಲ್ಲಿ ಗಾಜಿನ ಕೊಳವೆಯಲ್ಲಿ ಮಟ್ಟ ನೋಡುವುದುಂಟು. ದೊಡ್ಡ ಟ್ಯಾಂಕಿನ ಮೇಲ್ಭಾಗದಲ್ಲಿ ರಾಡಾರ್ ಕೂರಿಸುತ್ತಾರೆ. ಬಾವಿಯಲ್ಲಿ ಕೂಗಿದರೆ ಮಾರ್ದನಿ ಬರುವಂತೆ, ರಾಡಾರಿನ ರೇಡಿಯೋ ಅಲೆ ದ್ರವಕ್ಕೆ ಬಡಿದು ಹಿಂದಿರುಗುತ್ತದೆ. ಹೋಗಿಬರುವ ಸಮಯದಿಂದ ದೂರ ತಿಳಿಯುತ್ತದೆ. ಟ್ಯಾಂಕಿನ ಎತ್ತರ 10 ಮೀಟರ್, ದ್ರವ ಮೇಲಿನಿಂದ 4 ಮೀಟರ್ ಕೆಳಗೆ ಇದ್ದರೆ ಮಟ್ಟ 6 ಮೀಟರ್. ಅಮೋನಿಯಾ ಆವಿ ಸುಮಾರು 24 ಗಿಗಾಹರ್ಟ್ಸ್ ಅಲೆಗಳನ್ನು ಹೀರಿಕೊಳ್ಳುವುದರಿಂದ ಬೇರೆ ಅಲೆಯ ರಾಡಾರ್ ಆರಿಸಬೇಕಾಗುತ್ತದೆ.

ಬಿಸಿಲಿಗೆ ದ್ರವ ಹಿಗ್ಗುತ್ತದೆ, ಹಾಗಾಗಿ ಟ್ಯಾಂಕನ್ನು ಪೂರ್ತಿ ತುಂಬಬಾರದು. ಬಳಸದೆಯೇ ಮಟ್ಟ ಇಳಿದರೆ ಸೋರಿಕೆಯ ಅನುಮಾನ ಪಡಬೇಕು. ಈ ಎರಡನ್ನೂ ರಾಡಾರ್ ಮೊದಲೇ ತಿಳಿಸುತ್ತದೆ.

ನಮಗೇಕೆ?

ಕಾರವಾರ, ಅಂಕೋಲಾ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಟ್ಯಾಂಕರ್‌ಗಳು ಓಡಾಡುತ್ತವೆ. 2024ರ ಜುಲೈ 16ರಂದು ಶಿರೂರು ಗುಡ್ಡ ಕುಸಿದಾಗ ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿ ಪಾಲಾಯಿತು. ಅದರಲ್ಲಿದ್ದದ್ದು ಅಡುಗೆ ಅನಿಲ. ಅಮೋನಿಯಾ ಸೋರಿದರೆ ಮಾಡಬೇಕಾದದ್ದು ಇಷ್ಟು:

1. ಮೂಗು-ಬಾಯಿಗೆ ಒದ್ದೆ ಬಟ್ಟೆ ಹಿಡಿದು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ದೂರ ಹೋಗಿ. 112ಕ್ಕೆ ಕರೆ ಮಾಡಿ.
2. ಘಾಟು ಇನ್ನೂ ದೂರದಲ್ಲಿದ್ದರೆ ಮಾತ್ರ ದನಗಳ ಕಣ್ಣಿ ಬಿಚ್ಚಿ. ಘಾಟು ತುಂಬಿದ ಕೊಟ್ಟಿಗೆಗೆ ಮರಳಿ ಹೋಗಬೇಡಿ. ಮೊದಲು ನಿಮ್ಮ ಜೀವ.
3. ಚೆಲ್ಲಿದ ಅಮೋನಿಯಾ ದ್ರವಕ್ಕೆ ನೀರು ಸುರಿಯಬೇಡಿ, ಆವಿ ಹೆಚ್ಚುತ್ತದೆ.
4. ಕಣ್ಣುರಿ ಇದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ.
5. ಹಸುವಿಗೆ ಕಣ್ಣೀರು, ಕೆಮ್ಮು, ಬಾಯ್ತೆರೆದು ಉಸಿರಾಟ ಕಂಡರೆ ತೆರೆದ ಗಾಳಿಯಲ್ಲಿ ನಿಲ್ಲಿಸಿ, ಕಣ್ಣು ತೊಳೆದು, 1962ಕ್ಕೆ ಕರೆ ಮಾಡಿ. ಗೊಟ್ಟದಲ್ಲಿ ಎಣ್ಣೆ, ಕಷಾಯ ಕುಡಿಸಬೇಡಿ. ಏದುಸಿರು ಬಿಡುವ ಹಸುವಿಗೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯ.

ನಿಮ್ಮೂರಿನ ಹತ್ತಿರ ಐಸ್ ಕಾರ್ಖಾನೆ ಇದ್ದರೆ, ಸೋರಿಕೆಯ ಎಚ್ಚರಿಕೆ ಹೇಗೆ ಕೊಡುತ್ತಾರೆ, ಜನ-ದನ ಯಾವ ಕಡೆ ಹೋಗಬೇಕು ಎಂಬುದನ್ನು ಸಂಘದ ಮುಂದಿನ ಸಭೆಯಲ್ಲಿ ಕೇಳಿ ತಿಳಿದುಕೊಳ್ಳಿ.

– ಪಶುವೈದ್ಯಾಧಿಕಾರಿ