6 ಕಿಲೋ ಚಕ್ರ ಸಾಕೇ? – ‘ಕೆಲಸ ಮತ್ತು ಶಕ್ತಿ’ ಪಾಠದ ಒಂದು ಅನುಭವ

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ಚಲನಶಕ್ತಿಯನ್ನು ಬೋಧಿಸಿದೆ. ಪೀಠಿಕೆಗಾಗಿ, ಜಾತ್ರೆಯಲ್ಲಿ ಸಿಗುವ, ನೆಲಕ್ಕೆ ಉಜ್ಜಿ ಬಿಟ್ಟರೆ ಓಡುವ ಆಟದ ಕಾರನ್ನು ಮೇಜಿನ ಮೇಲೆ ಬಿಟ್ಟೆ. “ಬ್ಯಾಟರಿ ಇಲ್ಲ, ಸ್ಪ್ರಿಂಗ್ ಇಲ್ಲ. ಹೇಗೆ ಓಡಿತು?” ಎಂದು ಕೇಳಿದೆ. ತಳ ಬಿಚ್ಚಿ ತೋರಿಸಿದಾಗ, ಒಳಗೆ ತಿರುಗುತ್ತಿದ್ದ ಪುಟ್ಟ ಲೋಹದ ಚಕ್ರವನ್ನು ಮಕ್ಕಳೇ ಗುರುತಿಸಿದರು. ಅದೇ ಫ್ಲೈವೀಲ್.

ವಾಹನಕ್ಕೆ ಬ್ರೇಕ್ ಹಾಕಿದಾಗ ಚಲನಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ. ಅದನ್ನು ಚಕ್ರವೊಂದಕ್ಕೆ ವರ್ಗಾಯಿಸಿದರೆ ಮತ್ತೆ ಹೊರಡುವಾಗ ಬಳಸಬಹುದು. ಇಂಧನ ಉಳಿಯುತ್ತದೆ, ಹೊಗೆಯೂ ಕಡಿಮೆ. ಕಪ್ಪುಹಲಗೆಯ ಮೇಲೆ ಎರಡು ಉದಾಹರಣೆ ಬರೆದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಇವರ್ಡನ್‌ನಲ್ಲಿ ಓಡಾಟ ಆರಂಭಿಸಿದ ಜೈರೋಬಸ್: ಚಕ್ರ 1,500 ಕಿಲೋ, ವ್ಯಾಸ 1.6 ಮೀಟರ್, ನಿಮಿಷಕ್ಕೆ 3,000 ಸುತ್ತು. ನಿಲ್ದಾಣದಲ್ಲಿ ವಿದ್ಯುತ್ತಿನಿಂದ ಚಕ್ರವನ್ನು ತಿರುಗಿಸಿ, ಆ ಶಕ್ತಿಯಿಂದಲೇ ಬಸ್ಸು ಓಡುತ್ತಿತ್ತು. ಎರಡನೆಯದು, ವೋಲ್ವೋ 2013ರಲ್ಲಿ ಪ್ರಕಟಿಸಿದ ಪ್ರಾಯೋಗಿಕ ಕಾರು: ಕಾರ್ಬನ್ ನಾರಿನ ಚಕ್ರ 6 ಕಿಲೋ, ವ್ಯಾಸ 20 ಸೆಂ.ಮೀ., ನಿಮಿಷಕ್ಕೆ 60,000 ಸುತ್ತು. ಇದು ಬ್ರೇಕಿನ ಶಕ್ತಿಯನ್ನು ಹಿಡಿದಿಡುತ್ತದೆ.

“ಮಿಸ್, 6 ಕಿಲೋ ಸಾಕಾಗುತ್ತಾ?” ಎಂದು ಒಬ್ಬ ಹುಡುಗಿ ಕೇಳಿದಳು. “ಸುತ್ತು 20 ಪಟ್ಟು. ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಪ್ರತಿ ಕಿಲೋಗೆ 400 ಪಟ್ಟು ಶಕ್ತಿ” ಎಂದೆ. ಮಕ್ಕಳು ಹಾಗೆಯೇ ಬರೆದುಕೊಂಡರು. ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ವ್ಯಾಸ ಎಲ್ಲಿ ಹೋಯಿತು?”

ಮರುದಿನ “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೇ ತರಗತಿ ಆರಂಭಿಸಿದೆ. ಸೈಕಲ್ ಚಕ್ರದ ಅಂಚಿಗೊಂದು, ನಡುವಿನ ಹತ್ತಿರ ಒಂದು ಸೀಮೆಸುಣ್ಣದ ಗುರುತು ಹಾಕಿದೆವು. ಸುತ್ತು ಒಂದೇ ಆದರೂ ಅಂಚಿನ ಗುರುತು ಹೆಚ್ಚು ದೂರ ಹೋಗುವುದನ್ನು ಮಕ್ಕಳು ದಾರದಿಂದ ಅಳೆದರು. ಸೂತ್ರದ ವೇಗವೆಂದರೆ ಸುತ್ತಿನ ಸಂಖ್ಯೆಯಲ್ಲ. ಲೆಕ್ಕ ಅವರೇ ಮಾಡಿದರು: ಜೈರೋಬಸ್ಸಿನ ಚಕ್ರದ ಅಂಚಿನ ವೇಗ ಸೆಕೆಂಡಿಗೆ ಸುಮಾರು 251 ಮೀಟರ್, ಕಾರಿನದು 628. ಅಂದರೆ 2.5 ಪಟ್ಟು, ವರ್ಗ 6.25. ಎರಡೂ ಚಕ್ರಗಳ ಆಕಾರ ಒಂದೇ ಬಗೆಯದೆಂದುಕೊಂಡರೆ ಪ್ರತಿ ಕಿಲೋಗೆ 6.25 ಪಟ್ಟು ಶಕ್ತಿ, 400 ಅಲ್ಲ.

ತೂಕ 250ರಲ್ಲಿ ಒಂದು ಪಾಲು ಆದ್ದರಿಂದ, ಪುಟ್ಟ ಚಕ್ರದ ಒಟ್ಟು ಶಕ್ತಿ ದೊಡ್ಡದರ 40ರಲ್ಲಿ ಒಂದು ಪಾಲು ಮಾತ್ರ. ಮತ್ತೆ ಹೇಗೆ ಸಾಕಾಗುತ್ತದೆ? ಉತ್ತರ ಆ ಹುಡುಗಿಯಿಂದಲೇ ಬಂತು: “ಬಸ್ಸು ಮುಂದಿನ ನಿಲ್ದಾಣದವರೆಗೂ ಹೋಗಬೇಕು. ಕಾರಿಗೆ ಎಂಜಿನ್ ಇದೆಯಲ್ಲ ಮಿಸ್, ಚಕ್ರ ಬರೀ ಹೊರಡೋಕೆ.”

ನನ್ನ 400 ಮಕ್ಕಳನ್ನು ಬೆರಗುಗೊಳಿಸಿತ್ತು, ಆದರೆ ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಈ ಪಾಠ ಮಾಡುವ ಸಹಪಾಠಿಗಳು ಸೈಕಲ್ ಚಕ್ರವನ್ನು ಮೊದಲ ದಿನವೇ ತನ್ನಿ.